ಬಳೆಗಾರ್ತಿ ನಿಲ್ಲದ ಮನೆ

ಗುಲ್ಜಾರ್ ಬೀಯ ಕೂಗು ಬೆಟ್ಟದಪುರದ ಮೇಲಿನ ಬೀದಿಗೆ ತಿರುಗುವಾಗಲೇ ನೀಲಾಂಬಿಕೆಗೆ ಕೇಳಿಸುತ್ತಿತ್ತು. "ಬಳೇ... ಹಸುರು ಬಳೇ, ಚುಕ್ಕಿ ಬಳೇ..." ಸೋಮವಾರದ ಬಸ್ಸಿನಲ್ಲಿ ಪಿರಿಯಾಪಟ್ಟಣದಿಂದ ಬಂದಿಳಿದು, ಹೆಗಲ ಮೇಲೆ ಬಳೆಯ ಮಲಾರ ಏರಿಸಿಕೊಂಡು, ಒಂದೊಂದು ಜಗಲಿಯಲ್ಲೂ ಕೂತೆದ್ದು ಬರುವ ಹೆಂಗಸು ಅವಳು. ಪಟೇಲರ ಮನೆ ದಾಟಿ, ಸುಂದ್ರಮ್ಮನ ಮನೆ ದಾಟಿ ಕೂಗು ಹತ್ತಿರವಾಗುತ್ತಿತ್ತು. ನೀಲಾಂಬಿಕೆಯ ಕಾಂಪೌಂಡಿನ ಮೂಲೆ ಮುಟ್ಟಿದ್ದೇ ನಿಂತುಹೋಗುತ್ತಿತ್ತು. ಗೋಡೆಯ ಉದ್ದಕ್ಕೂ ಬರೀ ಚಪ್ಪಲಿಯ ಸದ್ದು. ಗೋಡೆ ಮುಗಿದ ಮೇಲೆ ಏನೂ ಆಗದವಳ ಹಾಗೆ ಮತ್ತೆ "ಬಳೇ..."

ಇದಕ್ಕೆ ಕಾರಣ ಗೇಟಿನಲ್ಲಿ ನಿಂತಿದ್ದ. ಹೆಸರು ಲಿಂಗಯ್ಯ, ಖಾಕಿ ಚಡ್ಡಿ, ಕಾಲಿಗೆ ಸುತ್ತಿದ ಪಟ್ಟಿ, ಕೈಯಲ್ಲಿ ಬಂದೂಕು. ನಿವೃತ್ತ ಕಮಿಷನರ್ ವೀರಭದ್ರಸ್ವಾಮಿಯವರ ಮತ್ತು ಅವರ ಕುಟುಂಬದ ಪ್ರಾಣ ಕಾಯಲೆಂದು ಸರ್ಕಾರ ಅವನನ್ನು ಕಳಿಸಿತ್ತು. ಕುಟುಂಬ ಎಂದರೆ ನೀಲಾಂಬಿಕೆ ಒಬ್ಬಳೇ. ಲಿಂಗಯ್ಯ ಕೆಟ್ಟವನಲ್ಲ. ಆದರೆ ಒಳಗೆ ಬರುವ ಪ್ರತಿಯೊಬ್ಬರನ್ನೂ ಮೂರು ಮಾತು ಕೇಳಬೇಕೆಂದು ಅವನಿಗೆ ಆಜ್ಞೆಯಾಗಿತ್ತು, ಅವನು ಪ್ರತಿಯೊಬ್ಬರನ್ನೂ ಕೇಳುತ್ತಿದ್ದ. ದಿನ ಬೆಳಗಾದರೆ ಹಾಲು ತರುವ ಬೀರಮ್ಮನನ್ನೂ ಬಿಡುತ್ತಿರಲಿಲ್ಲ.

"ಯಾರು?"

"ನಿಮ್ಮತ್ತೆ ಕಣ್ಲಾ."

"ಯಾವೂರು?"

"ನಿನ್ನ ಹೂಳೋ ಊರು. ಬುಡ್ಲಾ ದಾರಿಯ, ಆಲು ಒಡೆದೋಯ್ತದೆ."

"ಏನ್ ಕೆಲ್ಸ?"

"ಚೆಂಬ್ನಲ್ಲಿ ಬಾಂಬು ತಂದಿವ್ನಿ. ನಿಮ್ಮ ಸಾಯೇಬ್ರು ಕಾಪಿಗೆ ಬೆರೆಸ್ಕೊಂಡು ಕುಡೀತಾರೆ."

ಬೀರಮ್ಮನಿಗೆ ಬಾಯಿತ್ತು, ಬಂದಳು. ಉಳಿದವರಿಗೆ ಅಷ್ಟು ಬಾಯಿರಲಿಲ್ಲ. ಗುಲ್ಜಾರ್ ಬೀ ಮೊದಲ ವರ್ಷ ಒಮ್ಮೆ ಗೇಟಿನ ತನಕ ಬಂದಿದ್ದಳು. ಮಲಾರ ಬಿಚ್ಚಿ ತೋರಿಸು ಎಂದು ಲಿಂಗಯ್ಯ ಹಟ ಹಿಡಿದ. ಬಿಚ್ಚುವಾಗ ಹಗ್ಗ ಜಾರಿ ಹಸುರು ಬಳೆಯ ಸಾಲು ಚಪ್ಪಡಿ ಕಲ್ಲಿನ ಮೇಲೆ ಬಿತ್ತು. "ಬಳೆ ಒಳಗೆ ತುಪಾಕಿ ಇಡ್ತಾರಾ ಜಮಾದಾರ್ ಸಾಬ್?" ಎಂದಷ್ಟೇ ಕೇಳಿ, ಚೂರುಗಳನ್ನು ಸೆರಗಿಗೆ ಆರಿಸಿಕೊಂಡು ಹೊರಟುಹೋದಳು. ಬಾಗಿಲ ತನಕ ಬಂದಿದ್ದ ನೀಲಾಂಬಿಕೆ ಕರೆಯಲೆಂದು ಬಾಯಿ ತೆರೆದಿದ್ದಳು. ಕಮಿಷನರ ಹೆಂಡತಿ ಬೀದಿಗೆ ಕೇಳುವ ಹಾಗೆ ಕೂಗುವುದುಂಟೇ ಎಂದು ಮುಚ್ಚಿದಳು.

ಅಂದಿನಿಂದ ಬಳೆ ಮೈಸೂರಿನಿಂದ ರಟ್ಟಿನ ಡಬ್ಬಿಯಲ್ಲಿ ಬರುತ್ತಿತ್ತು. ಬಚ್ಚಲುಮನೆಯಲ್ಲಿ ಕೂತು, ಕೈಗೆ ಸಾಬೂನು ಸವರಿಕೊಂಡು, ತಾನೇ ಒತ್ತಿ ಒತ್ತಿ ಏರಿಸಿಕೊಳ್ಳುತ್ತಿದ್ದಳು, ಅರ್ಧ ಒಡೆಯುತ್ತಿದ್ದವು. ಗುಲ್ಜಾರ್ ಬೀ ಆಗಿದ್ದರೆ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗೆಣ್ಣುಗಳನ್ನು ಮೆತ್ತಗೆ ಅದುಮುತ್ತ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯಲ್ಲಿ ಅತ್ತೆ ಸೊಸೆ ಬೇರೆ ಒಲೆ ಹೂಡಿದರು ಎಂದು ಹೇಳುತ್ತಿರುವಾಗಲೇ ಬಳೆ ಏರಿಬಿಡುತ್ತಿತ್ತು. ಈ ಊರಿಗೆ ಬಂದ ಮೇಲೆ ತನ್ನ ಕೈಯನ್ನು ಯಾರೂ ಹಿಡಿದಿಲ್ಲ ಎನ್ನುವುದು ನೀಲಾಂಬಿಕೆಗೆ ಸಾಬೂನಿನ ನೊರೆಯಲ್ಲಿ ಹೊಳೆದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಇರಲಿಲ್ಲ.

ಇಷ್ಟಕ್ಕೂ ಈ ಕಾವಲು ಹುಟ್ಟಿದ್ದು ಹೆಗ್ಗಡದೇವನಕೋಟೆಯಲ್ಲಿ, ಯಜಮಾನರ ಸರ್ವೀಸಿನ ಕೊನೆಯ ಬೇಸಿಗೆಯಲ್ಲಿ. ಒಂದು ಸೇತುವೆಯ ಉದ್ಘಾಟನೆ. ಚಪ್ಪರದಡಿ ಭಾಷಣದ ಮೇಲೆ ಭಾಷಣ. ನೀಲಾಂಬಿಕೆಗೆ ಗಂಟಲೊಣಗಿ, ಪಕ್ಕದಲ್ಲಿ ನಿಂತಿದ್ದ ಅಲ್ಲಿಯ ಪಟೇಲರಿಗೆ ಸನ್ನೆ ಮಾಡಿದಳು. ಪಟೇಲರು ದೊಡ್ಡಮಾದಯ್ಯ ಎಂಬ ಆಳಿಗೆ "ಎಳನೀರು ತತ್ತಾ, ಓಡು" ಎಂದರು. ಓಡು ಎಂದ ಮೇಲೆ ಅವನು ಓಡಿದ. ಬರುವಾಗಲೂ ಓಡಿಯೇ ಬಂದ. ಜನರ ನಡುವೆ ಯಾರಿಗೂ ತಾಗದಿರಲಿ ಎಂದು ಮಚ್ಚನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಎಳನೀರು ಕಂಕುಳಲ್ಲಿ, ಕಂಬಳಿಯೊಳಗೆ. ಕಂಡದ್ದು ಮಚ್ಚು ಮಾತ್ರ. ದಫೇದಾರ ಅವನ ಮೇಲೆ ಎಗರಿದ, ಕಮಿಷನರು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದರು, ಬ್ಯಾಂಡಿನವರು ಗಾಬರಿಯಲ್ಲಿ ಇನ್ನೂ ಜೋರಾಗಿ ಬಾರಿಸಿದರು. ದೊಡ್ಡಮಾದಯ್ಯನನ್ನು ಠಾಣೆಯಲ್ಲಿ ಕೂಡಿಹಾಕಿ ಒಂದೆರಡು ದಿನಕ್ಕೆ ಬಿಟ್ಟುಬಿಟ್ಟರು. ಬಿಟ್ಟಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಆದರೆ ಕಮಿಷನರ ಪ್ರಾಣಕ್ಕೆ ಸಂಚು ನಡೆದಿತ್ತು ಎಂಬುದು ಬೆಂಗಳೂರಿನ ತನಕ ಹೋಯಿತು. ಅಪಾಯ ತೀರುವವರೆಗೆ ಕಾವಲು ಇರತಕ್ಕದ್ದು ಎಂದು ಆಜ್ಞೆಯಾಯಿತು.

"ಅದು ಎಳನೀರು ಅಲ್ಲವೇನ್ರೀ?" ಎಂದು ಆ ದಿನವೇ ನೀಲಾಂಬಿಕೆ ಕೇಳಿದ್ದಳು.

"ನಿನಗೆ ಆಡಳಿತ ತಿಳಿಯೋದಿಲ್ಲ" ಎಂದಿದ್ದರು ಅವರು. ಮೊದಲು ಅವರಿಗೂ ಅದು ಎಳನೀರೆಂದು ಗೊತ್ತಿತ್ತು. ಬರುಬರುತ್ತ ಮರೆತರು.

ಹೊಸ ರಾಜ್ಯವಾದ ಮರುವರ್ಷ ಸರ್ಕಾರಕ್ಕೆ ಏನನ್ನಿಸಿತೋ, ನಿವೃತ್ತರ ಮನೆಗಳ ಕಾವಲನ್ನೆಲ್ಲ ಮತ್ತೊಮ್ಮೆ ವಿಚಾರಿಸಿ ನೋಡಿ ಎಂದಿತು. ನಿಜವಾಗಿಯೂ ಬೆದರಿಕೆ ಇದ್ದರೆ ಉಳಿಸಿ, ಇಲ್ಲದಿದ್ದರೆ ತೆಗೆಯಿರಿ. ಹುಣಸೂರಿನಿಂದ ಇನ್ಸ್‌ಪೆಕ್ಟರು ಗುರುವಾರ ಬರುತ್ತಾರೆ ಎಂದು ಸುದ್ದಿ ಬಂತು.

ಅದೇ ಹೊತ್ತಿಗೆ ಸುಂದ್ರಮ್ಮನ ಮಗಳು ಬಸುರಿ. ಮುಂದಿನ ಸೋಮವಾರ ಬಳೆ ತೊಡಿಸುವ ಶಾಸ್ತ್ರ. ಕರೆಯಲು ಬಂದ ಹೆಂಗಸರು ಲಿಂಗಯ್ಯನ ಮೂರು ಪ್ರಶ್ನೆಗೆ ಹೆದರಿ, ಬೀಗ ಹಾಕಿದ ಮನೆಗೆ ಮಾಡುವ ಹಾಗೆ ಗೇಟಿನ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಹೋದರು. ಸಂಜೆ ನೀಲಾಂಬಿಕೆ ಆ ಕುಂಕುಮ ನೋಡಿದಳು. ಬೆರಳಿಗೆ ತೆಗೆದು ಹಣೆಗಿಟ್ಟುಕೊಂಡಳು.

ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಕುಟುಂಬದವರು ಹೊಸ್ತಿಲು ದಾಟಿದರೆ ಬಂದೂಕು ಜೊತೆಗೆ ಹೋಗಬೇಕಿತ್ತು. ಹಿಂದೊಮ್ಮೆ ಪಟೇಲರ ಮನೆಯ ಮದುವೆಗೆ ಹಾಗೇ ಹೋಗಿದ್ದಳು. ಲಿಂಗಯ್ಯ ನಡುಮನೆಯ ಬಾಗಿಲಲ್ಲಿ ಬಂದೂಕು ಊರಿಕೊಂಡು ಕೂತ. ಹೆಂಗಸರು ಹೇಳುತ್ತಿದ್ದ ಸೋಬಾನೆ ಅರ್ಧದಲ್ಲೇ ನಿಂತಿತು. ನೀಲಾಂಬಿಕೆ ಎದ್ದು ಬಂದ ಮೇಲೆ, ಬೀದಿಯ ತಿರುವಿನಲ್ಲಿ, ಅದು ನಿಂತಲ್ಲಿಂದಲೇ ಮತ್ತೆ ಶುರುವಾದದ್ದು ಕೇಳಿಸಿತ್ತು. ಇನ್ನೊಂದು ಸಲ ಹಾಗೆ ಹೋಗಲಾರೆ. ಗುರುವಾರ ಕಾವಲು ಹೋದರೆ ಸೋಮವಾರ ಬಂದೂಕಿಲ್ಲದೆ ಹೋಗಿ ಚಾಪೆಯ ಮೇಲೆ ಕೂತು ಕೈ ಚಾಚಬಹುದು. ಅವಳಿಗೆ ಬೇಕಾಗಿದ್ದದ್ದು ಇಷ್ಟು.

ಯಜಮಾನರಿಗೆ ಬೇಕಾಗಿದ್ದದ್ದು ಬೇರೆ. ಜಗಲಿಯ ಈಸಿಚೇರಿನಲ್ಲಿ ಒರಗಿ, ಕಣ್ಣು ಮುಚ್ಚಿ, ತಮಗೆ ಯಾರ್‍ಯಾರು ವೈರಿಗಳು ಎಂದು ಹುಡುಕುತ್ತಿದ್ದರು.

"ಹುಣಸೂರಿನ ಆ ಮರದ ವ್ಯಾಪಾರಿ? ಅವನ ಲೈಸೆನ್ಸು ನಾನೇ ರದ್ದು ಮಾಡಿದ್ದು."

"ಅವರು ತೀರಿಕೊಂಡರಲ್ಲ, ಹೋದ ವರ್ಷ."

"ಕೃಷ್ಣರಾಜನಗರದ ಶಾನುಭೋಗ? ಸಸ್ಪೆಂಡ್ ಮಾಡಿಸಿದ್ದೆ."

"ಮಗಳ ಮದುವೆಗೆ ಕರೆಯೋಕೆ ಬಂದಿದ್ದರು. ಲಿಂಗಯ್ಯ ಒಳಗೆ ಬಿಡಲಿಲ್ಲ."

ಯಜಮಾನರ ಮುಖ ಅರಳಿತು. "ನೋಡಿದೆಯಾ! ವಾಪಸು ಕಳಿಸಿದ್ದಕ್ಕಾದರೂ ಸಿಟ್ಟು ಬಂದಿರುತ್ತೆ."

"ಮದುವೆ ಆದ ಮೇಲೆ ಒಬ್ಬಟ್ಟು ಕಳಿಸಿದ್ದರು. ನೀವೇ ತುಪ್ಪ ಹಾಕಿಸಿಕೊಂಡು ತಿಂದಿರಿ."

ಯಜಮಾನರು ಕಣ್ಣು ತೆರೆದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಈ ನಾಲ್ಕು ತಾಲ್ಲೂಕಲ್ಲಿ ಒಬ್ಬನಿಗೂ ನನ್ನ ಮೇಲೆ ದ್ವೇಷ ಇಲ್ಲ ಅಂದರೆ, ಮೂವತ್ತು ವರ್ಷ ನಾನು ಮಾಡಿದ್ದಾದರೂ ಏನು ನೀಲಾ?"

ಅವಳು ಅವರ ಕಣ್ಣು ನೋಡಿದಳು. ಹೆಗ್ಗಡದೇವನಕೋಟೆಯಲ್ಲಿ ಮಚ್ಚು ಕಂಡಾಗಲೂ ಇಲ್ಲದ ಹೆದರಿಕೆ ಅಲ್ಲಿತ್ತು. ಗೇಟಿನಲ್ಲಿ ಬಂದೂಕಿದ್ದರೆ ಒಳಗಿರುವವನು ಕಮಿಷನರು. ಇಲ್ಲದಿದ್ದರೆ ಮೊಣಕಾಲು ನೋವಿನ ಒಬ್ಬ ಮುದುಕ. ಅಯ್ಯೋ ಎನಿಸಿತು. ಆದರೂ ಮರುದಿನ ಹಾಲು ಅಳೆಸಿಕೊಳ್ಳುವಾಗ ಬೀರಮ್ಮನ ಕಿವಿಯಲ್ಲಿ ಹೇಳಿದಳು: "ಇನ್ಸ್‌ಪೆಕ್ಟರು ಕೇಳಿದರೆ, ನಮ್ಮವರ ಮೇಲೆ ಯಾರಿಗೂ ದ್ವೇಷ ಇಲ್ಲ, ಒಳ್ಳೆಯವರು ಅನ್ನು. ಊರವರಿಗೂ ಹೇಳು."

"ಅದ್ಕೇನಂತೆ, ಏಳ್ತೀನಿ ಬುಡಿ ಅಮ್ಮಾವ್ರೆ" ಎಂದಳು ಬೀರಮ್ಮ. "ಒಳ್ಳೇವ್ರೋ ಕೆಟ್ಟೋರೋ ನಮಗೇನ್ ಗೊತ್ತು, ನಾವ್ ಕಂಡಿರೋದು ಗೇಟ ತಾನೆ."

ನೀಲಾಂಬಿಕೆ ಒಂದು ಸಂಗತಿ ಮರೆತಿದ್ದಳು. ಎಂದೋ ಒಂದು ಕಾಲಕ್ಕೆ ಆ ಊರಿನವನೊಬ್ಬ ಕಳುವಾದ ಎತ್ತನ್ನು ಕಂಡೆ ಎಂದು ಪೋಲೀಸರ ಮುಂದೆ ಬಾಯಿಬಿಟ್ಟಿದ್ದ. ಸಾಕ್ಷಿ ಹೇಳಲು ಹುಣಸೂರಿನ ಕೋರ್ಟಿಗೆ ಅಲೆದೂ ಅಲೆದೂ, ಎತ್ತು ಮುದಿಯಾಗಿ ಸತ್ತರೂ ಅವನ ಅಲೆದಾಟ ಮುಗಿಯಲಿಲ್ಲ. ಅಂದಿನಿಂದ ಊರು ಒಂದು ಪದ್ಧತಿ ಇಟ್ಟುಕೊಂಡಿತ್ತು. ಖಾಕಿ ತೊಟ್ಟವನು ಏನೇ ಕೇಳಲಿ, ಉತ್ತರ ಒಂದೇ.

ಗುರುವಾರ ಜೀಪು ಬಂತು. ಇನ್ಸ್‌ಪೆಕ್ಟರ ಜೊತೆ, ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಪೇದೆಯೂ ಇಳಿದ. ಊರಿನವರನ್ನೆಲ್ಲ ಗೇಟಿನಾಚೆ ಹೊಂಗೆಮರದ ಕೆಳಗೆ ಕೂರಿಸಿ, ಒಬ್ಬೊಬ್ಬರನ್ನೇ ಜಗಲಿಯ ಮುಂದಕ್ಕೆ ಕರೆದರು. ಮೊದಲು ಬಂದವನು ಹೊಗೆಸೊಪ್ಪಿನ ಹೊಲದಿಂದ ಎದ್ದು ಬಂದ ಎದುರುಮನೆಯ ರೈತ.

"ಕಮಿಷನರ್ ಸಾಹೇಬರು ಎಂಥವರಯ್ಯ?"

"ನಾ ಕಾಣೆ ಬುದ್ಧಿ."

"ಕಾಣೆ ಅಂದರೆ? ನಿನ್ನ ಎದುರುಮನೆಯವರು!"

"ನಮ್ಮನೆ ಬಾಗ್ಲು ಆ ಕಡೀಕದೆ ಬುದ್ಧಿ."

"ಇವರ ಮೇಲೆ ಯಾರಿಗಾದರೂ ದ್ವೇಷ ಇದೆಯಾ?"

"ನಾ ಆವತ್ತು ಊರಲ್ಲೇ ಇರ್ನಿಲ್ಲ."

"ಯಾವತ್ತು?"

"ನೀವು ಯಾವತ್ತು ಅಂತೀರೋ ಆವತ್ತು."

ಎರಡನೆಯವನು ಕಾಣೆ ಎಂದ. ಮೂರನೆಯವನಿಗೆ ಕಿವಿ ಮಂದ. ಸುಂದ್ರಮ್ಮನ ಗಂಡ, ಮೂವತ್ತು ಎಕರೆಯ ಕುಳ, ಕಮಿಷನರು ಈ ಊರಲ್ಲಿ ಇದ್ದಾರೆ ಎನ್ನುವುದೇ ಈಗ ತಾನೇ ತಿಳಿಯಿತು ಎಂಬಂತೆ ಅವರತ್ತ ತಿರುಗಿ ನೋಡಿ ಕೈಮುಗಿದ. ಬಾಗಿಲ ಹಿಂದೆ ನಿಂತ ನೀಲಾಂಬಿಕೆ ಇನ್ನು ಯಾರು ಉಳಿದಿದ್ದಾರೆ ಎಂದು ಇಣುಕಿದಳು. ಉಳಿದದ್ದು ಬೀರಮ್ಮ.

"ಒಳ್ಳೇವ್ರು ಕಣ್ಬುಡಿ ಬುದ್ಧಿ" ಎಂದಳು ಬೀರಮ್ಮ, ಕೊಟ್ಟ ಮಾತಿನಂತೆ.

ಇನ್ಸ್‌ಪೆಕ್ಟರು ನೆಟ್ಟಗೆ ಕೂತರು. "ಹೀಗೆ ಹೇಳು ಅಂತ ಯಾರು ಹೇಳಿಕೊಟ್ಟರು?"

"ಯಾರೂ ಏಳ್ಕೊಡ್ನಿಲ್ಲ. ಊರೋರೆಲ್ಲ ಅಂಗೇ ಏಳ್ಬೇಕು ಅಂತ ಅಷ್ಟೇಯ."

ಇನ್ಸ್‌ಪೆಕ್ಟರ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ನೀಲಾಂಬಿಕೆ ಇನ್ನು ತಡೆಯಲಾರದೆ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು. ಲೋಟ ಕೊಡುತ್ತ, "ಇನ್ಸ್‌ಪೆಕ್ಟರೇ, ಕೋಟೆಯಲ್ಲಿ ಆವತ್ತು ಆ ಮನುಷ್ಯನ ಕೈಯಲ್ಲಿ ಇದ್ದದ್ದು..." ಎಂದು ಶುರುಮಾಡಿದಳು.

"ನೀಲಾ, ಸಕ್ಕರೆ ಕಡಿಮೆ" ಎಂದರು ಯಜಮಾನರು, ಇನ್ನೂ ಲೋಟ ಮುಟ್ಟದೆ.

ಆ ಮಾತು ಯಾವಾಗಲೂ ಹೀಗೇ ಸಕ್ಕರೆಗೋ ಉಪ್ಪಿಗೋ ಸಿಕ್ಕಿ ನಿಲ್ಲುತ್ತಿತ್ತು. ಅವಳು ಸಕ್ಕರೆ ತರಲು ಒಳಗೆ ಹೋದಳು.

"ಸಾರ್" ಎಂದರು ಇನ್ಸ್‌ಪೆಕ್ಟರು ದನಿ ತಗ್ಗಿಸಿ, "ಯಾರಾದರೂ ಒಬ್ಬ ನಿಮ್ಮನ್ನ ಬೈದಿದ್ದರೆ ನಾನು ತಲೆ ಕೆಡಿಸಿಕೊಳ್ತಿರಲಿಲ್ಲ. ಬೈಯೋದು ಸಹಜ. ಇಲ್ಲಿ ಇಡೀ ಊರು ಬಾಯಿ ಹೊಲಿದುಕೊಂಡಿದೆ. ಏನೋ ದೊಡ್ಡದೇ ಇದೆ. ಕಾವಲು ತೆಗೆಯೋ ಮಾತಿರಲಿ, ಒಬ್ಬ ಸಾಲದು." ಹೊಸ ಪೇದೆಯನ್ನು ಕರೆದು ಅಲ್ಲೇ ಜಗಲಿಯ ಮೆಟ್ಟಿಲಿಗೆ ನಿಲ್ಲಿಸಿದರು. "ಈ ಊರಲ್ಲಿ ಯಾರನ್ನೂ ನಂಬಬೇಡ. ಕಣ್ಣು ಮಿಟುಕಿಸಬೇಡ."

ಪೇದೆ ನಿಜಕ್ಕೂ ಕಣ್ಣು ಮಿಟುಕಿಸುವುದನ್ನು ನಿಲ್ಲಿಸಿದ. ಯಜಮಾನರು ಹತ್ತು ವರ್ಷ ಚಿಕ್ಕವರಾದರು. ಈಸಿಚೇರಿನಿಂದ ಎದ್ದು, ಮೀಸೆ ಸವರಿಕೊಂಡು, ಹಳೆಯ ಕಛೇರಿಯ ಗಂಟಲಿನಲ್ಲಿ ಕೂಗಿದರು: "ಲಿಂಗಯ್ಯಾ! ಇನ್ಸ್‌ಪೆಕ್ಟರಿಗೆ ಎಳನೀರು! ಓಡು!"

ಒಳಗೆ ಸಕ್ಕರೆಯ ಡಬ್ಬಿಗೆ ಚಮಚ ಹಾಕಿದ್ದ ನೀಲಾಂಬಿಕೆಯ ಕೈ ಅಲ್ಲೇ ನಿಂತಿತು. ಆ 'ಓಡು' ಅವಳಿಗೆ ಗೊತ್ತಿತ್ತು.

ಲಿಂಗಯ್ಯ ಹಿತ್ತಿಲಿಗೆ ಓಡಿದ. ಮರ ಹತ್ತಲು ಅಡ್ಡ ಎಂದು ಖಾಕಿ ಅಂಗಿ, ಟೋಪಿ, ಕಾಲಿನ ಪಟ್ಟಿ ತೆಗೆದು ಬಾವಿಕಟ್ಟೆಯ ಮೇಲಿಟ್ಟ. ಒಂದು ಗೊನೆ ಕೆಡವಿ, ಎರಡು ಕಾಯಿ ಕಂಕುಳಲ್ಲಿ ಅವುಚಿಕೊಂಡು, ಮನೆಯ ಪಕ್ಕದ ಓಣಿಯಿಂದ ಓಡಿ ಬಂದ. ಓಣಿಯಲ್ಲಿ ಕೋಳಿಗಳು ಕಾಲಿಗೆ ತೊಡರಿದವು. ಅವಕ್ಕೆ ತಾಗದಿರಲಿ ಎಂದು ಮಚ್ಚನ್ನು ತಲೆಯ ಮೇಲೆ ಎತ್ತಿ ಹಿಡಿದ.

ಹೊಸ ಪೇದೆ ಕಂಡದ್ದು ಇಷ್ಟು: ಹರಕು ಬನೀನಿನ ಒಬ್ಬ ಊರಿನವನು ಮಚ್ಚು ಎತ್ತಿಕೊಂಡು ಸಾಹೇಬರ ಕಡೆಗೆ ನುಗ್ಗುತ್ತಿದ್ದಾನೆ. ಸೀಟಿ ಊದಿ ಮೆಟ್ಟಿಲಿನಿಂದ ಹಾರಿದ. ಲಿಂಗಯ್ಯ ಕೆಳಗೆ, ಪೇದೆ ಮೇಲೆ, ಸುತ್ತ ಕೋಳಿ ಪುಕ್ಕ. "ಕೊಂದ್ರಪ್ಪೋ!" ಎಂದು ಕಮಿಷನರು ಈಸಿಚೇರಿನ ಸಮೇತ ಹಿಂದಕ್ಕೆ ಬಿದ್ದರು. ಇನ್ಸ್‌ಪೆಕ್ಟರು ಕಂಬದ ಮರೆಗೆ ಸರಿದರು. ಕಂಬ ಅವರಿಗಿಂತ ಸಣ್ಣದಿತ್ತು.

"ಬುಡ್ಲಾ, ನಾನು ಪೋಲೀಸ್ ಕಣ್ಲಾ!" ಎಂದು ಲಿಂಗಯ್ಯ ಮಣ್ಣಿನೊಳಗಿಂದ ಕೂಗಿದ.

"ಮಚ್ಚು ಬುಡು ಮೊದ್ಲು! ಯಾರ್ಲಾ ಕಳ್ಸಿದ್ದು ನಿನ್ನ?"

"ಸಾಹೇಬ್ರೇ ಕಣ್ಲಾ!"

ನೀಲಾಂಬಿಕೆ ಅಂಗಳದಲ್ಲಿದ್ದಳು. ಯಾವಾಗ ಬಂದಳೋ ಅವಳಿಗೇ ತಿಳಿಯದು. ಕೈಯಲ್ಲಿ ಸಕ್ಕರೆಯ ಚಮಚ ಇತ್ತು. "ಎಳನೀರು!" ಎಂದು ಕೂಗಿದಳು. ಆ ದನಿ ಗೇಟು ದಾಟಿ ಹೊಂಗೆಮರದ ತನಕ ಹೋಯಿತು. "ಅವನ ಕೈಲಿರೋದು ಎಳನೀರು! ಕೋಟೆಯಲ್ಲಿ ಇದ್ದದ್ದೂ ಎಳನೀರೇ! ಬಾಯಾರಿಕೆ ಆಗಿದ್ದು ನನಗೆ!"

ಒಂದು ಕಾಯಿ ಮೆಟ್ಟಿಲ ಬುಡದಿಂದ ಉರುಳುತ್ತ ಉರುಳುತ್ತ ಗೇಟಿನವರೆಗೆ ಹೋಗಿ ನಿಂತಿತು.

"ಅಯ್ಯೋ ಶಿವನೇ" ಎಂದಳು ಬೀರಮ್ಮ. "ಎಳ್ನೀರ್ಗಾ ಇಷ್ಟು ವರ್ಸ ಬಂದೂಕ ಇಟ್ಟಿದ್ದು?"

ಮೊದಲು ನಕ್ಕವನು ಕಿವಿ ಮಂದವೆಂದವನು. ಆಮೇಲೆ ತಡೆಯುವವರೇ ಇಲ್ಲವಾಯಿತು. ಕಾಣೆ ಎಂದವರು, ಊರಲ್ಲೇ ಇರಲಿಲ್ಲ ಎಂದವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಗೋಡೆಯ ಮೇಲಿಂದ ಇಣುಕುತ್ತಿದ್ದ ಸುಂದ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಮನೆಯ ಅಂಗಳದಲ್ಲಿ ಅಂಥ ಸದ್ದು ಎಂದೂ ಆಗಿರಲಿಲ್ಲ. ನೆಲದ ಮೇಲಿದ್ದ ಯಜಮಾನರನ್ನು ನೀಲಾಂಬಿಕೆ ಕೈಹಿಡಿದು ಎಬ್ಬಿಸಿದಳು. ಅವರು ಅವಳ ಮುಖ ನೋಡಲಿಲ್ಲ, ಕೈಯನ್ನೂ ಬಿಡಲಿಲ್ಲ.

ಇನ್ಸ್‌ಪೆಕ್ಟರು ಬರೆಯುವುದೇನು? ಎಳನೀರು ಎಂದು ಬರೆದರೆ ಇಷ್ಟು ವರ್ಷ ಇಲಾಖೆ ಕಾದದ್ದು ಏನನ್ನು ಎಂಬ ಪ್ರಶ್ನೆ ಬರುತ್ತದೆ. ಹಲ್ಲೆ ಎಂದು ಬರೆದರೆ ಹಲ್ಲೆ ಮಾಡಿದವನು ಪೋಲೀಸನೇ. ಬುದ್ಧಿವಂತರು, ಎರಡನ್ನೂ ಸೇರಿಸಿ ಬರೆದರು. ಶನಿವಾರದ ಹೊತ್ತಿಗೆ ಆಜ್ಞೆ ಬಂತು: ಸದರಿಯವರಿಗೆ ಕಾವಲಿನವರ ಹೊರತು ಬೇರೆ ಯಾರಿಂದಲೂ ಅಪಾಯವಿರುವುದಾಗಿ ಕಂಡುಬಾರದ ಕಾರಣ, ಸದರಿಯವರ ಸುರಕ್ಷತೆಯ ದೃಷ್ಟಿಯಿಂದ ಕಾವಲನ್ನು ಹಿಂತೆಗೆಯಲಾಗಿದೆ.

ಲಿಂಗಯ್ಯನಿಗೆ ಹೊಸ ಅಗ್ರಹಾರದ ಕಡೆಗೆ ವರ್ಗವಾಯಿತು. ಅವನ ಹೆಂಡತಿಯ ಊರು ಅಲ್ಲೇ ಹತ್ತಿರ. ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದು ಕೈಮುಗಿದವನು ಹೋಗದೆ ನಿಂತ.

"ಅಮ್ಮಾವ್ರೆ, ನಾ ಇಷ್ಟು ದಿವ್ಸ ಯಾರನ್ನ ಒಳೀಕ್ ಬುಡಬಾರ್ದು ಅಂತ ನಿಂತಿದ್ದೆ?"

"ಬಿಸಿಲಿದೆ, ಒಂದು ಎಳನೀರು ಕುಡಿದು ಹೋಗು" ಎಂದಳು ನೀಲಾಂಬಿಕೆ.

"ಬ್ಯಾಡಿ ಅಮ್ಮಾವ್ರೆ!" ಎಂದು ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಹೊರಟೇಬಿಟ್ಟ.

ಸೋಮವಾರ ಬಂತು. ಮೂರು ದಿನದಿಂದ ಮಾತಾಡದಿದ್ದ ಯಜಮಾನರು ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಕೋಟು ತೊಟ್ಟು, ನೇರ ಗೇಟಿಗೆ ಹೋಗಿ ಲಿಂಗಯ್ಯನ ಸ್ಟೂಲಿನ ಮೇಲೆ ಕೂತರು. ನೀಲಾಂಬಿಕೆ ಜಗಲಿಗೆ ಬಂದು ಕಂಬಕ್ಕೆ ಒರಗಿ ಕಾದಳು.

"ಬಳೇ... ಹಸುರು ಬಳೇ..." ಪಟೇಲರ ಮನೆ ದಾಟಿತು, ಸುಂದ್ರಮ್ಮನ ಮನೆ ದಾಟಿತು. ಗೋಡೆಯ ಮೂಲೆಗೆ ಬಂದು ಅಭ್ಯಾಸದಂತೆ ನಿಂತಿತು. ಚಪ್ಪಲಿಯ ಸದ್ದು. ನೀಲಾಂಬಿಕೆ ಈ ಸಲ ಯೋಚಿಸಲಿಲ್ಲ. "ಗುಲ್ಜಾರ್!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಚಪ್ಪಲಿಯ ಸದ್ದು ಗೇಟಿಗೆ ತಿರುಗಿತು.

"ಯಾರು?" ಎಂದರು ಕಮಿಷನರು.

"ಗುಲ್ಜಾರ್ ಬೀ."

"ಯಾವೂರು?"

"ಪಿರಿಯಾಪಟ್ಟಣ, ಸಾಹೇಬ್ರೇ."

"ಏನು ಕೆಲಸ?"

"ಅಮ್ಮನ ಕೈ ನೋಡ್ಬೇಕು."

ನಾಲ್ಕನೆಯ ಪ್ರಶ್ನೆ ಯಾವ ಆಜ್ಞೆಯಲ್ಲೂ ಇರಲಿಲ್ಲ. ಅವರು ಸ್ವಲ್ಪ ಯೋಚಿಸಿ, ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಂಡರು.

ಗುಲ್ಜಾರ್ ಬೀ ಜಗಲಿಯಲ್ಲಿ ಮಲಾರ ಇಳಿಸಿ, ನೀಲಾಂಬಿಕೆಯ ಕೈಯನ್ನು ತನ್ನ ಅಂಗೈಗೆ ತೆಗೆದುಕೊಂಡಳು. "ಯಾ ಅಲ್ಲಾ, ಎಷ್ಟು ಸೊರಗಿದೆ ಈ ಕೈ! ಮಧ್ಯಾಹ್ನ ಸುಂದ್ರಮ್ಮನ ಮನೆಗೆ ಈ ಬೋಳು ಕೈಯಲ್ಲಿ ಹೋಗ್ತೀರಾ?" ಹೆಬ್ಬೆರಳನ್ನು ಒಳಕ್ಕೆ ಮಡಿಸಿದಳು. ನೀಲಾಂಬಿಕೆ ಬೇರೆಡೆಗೆ ಮುಖ ತಿರುಗಿಸಿದಳು.

ಆಗ ಗೇಟಿನಲ್ಲಿ ಮತ್ತೆ "ಯಾರು?" ಎಂದು ಕೇಳಿಸಿತು. ಹಾಲಿನ ಚೆಂಬು ಹಿಡಿದು, ಯಾರು ಕೂತಿದ್ದಾರೆಂದು ನೋಡದೆ, ಬೀರಮ್ಮ ದಿನದಂತೆ ನುಗ್ಗಿ ಬಂದಿದ್ದಳು.

"ನಿಮ್ಮತ್ತೆ ಕಣ್ಲಾ!"

ಎಂದವಳೇ ನಾಲಿಗೆ ಕಚ್ಚಿಕೊಂಡಳು. ಕಮಿಷನರು ಮೆಲ್ಲಗೆ ಸ್ಟೂಲಿನಿಂದ ಎದ್ದರು, ಮನೆಯ ಕಡೆಗೆ ತಿರುಗಿದರು. ಎಷ್ಟೋ ಕಾಲದಿಂದ ಕಾಣದ ಬೆಳಕು ಅವರ ಮುಖದ ಮೇಲಿತ್ತು.

"ನೀಲಾ! ಕೇಳಿಸಿತಾ? ಬೈದಳು! ನನ್ನನ್ನ ಬೈದಳು!"

ನೀಲಾಂಬಿಕೆಯ ಹೆಗಲು ಕುಲುಕತೊಡಗಿತು. ಗುಲ್ಜಾರ್ ಬೀ ಅವಳ ಗೆಣ್ಣುಗಳನ್ನು ಅದುಮಿ ಹಿಡಿದಳು. "ಕೈ ಸಡಿಲ ಬಿಡೀಮ್ಮಾ. ಹೀಗೆ ನಗ್ತಾ ಕೂತ್ರೆ ಬಳೆ ಏರೋದಿಲ್ಲ."